ಮೂಡಲದವ್ವ, ಪಡುವಲದಣ್ಣ

ಎಂಬತ್ತರ ವಯಸ್ಸಿನವರೆಗೆ ಒಂದೇ ಕಸುಬು ಮಾಡಿದ ಮನುಷ್ಯನಿಗೆ ಆ ಕಸುಬಿನ ಬಗ್ಗೆಯೇ ಬುದ್ಧಿ ಹೇಳಲು ಎಷ್ಟು ವಿದ್ಯೆ ಬೇಕು? ನನಗೆ ಒಂದು ಬಿ.ಎ. ಸಾಕಾಯಿತು.

ಆ ಮನುಷ್ಯ ನನ್ನ ತಂದೆಯ ತಂದೆ. ಸೊನ್ನದಲ್ಲಿ ಭೀಮಾ ನದಿಗೆ ಹರಿಗೋಲು ಹಾಕುತ್ತಿದ್ದ ಅಂಬಿಗ. ಮನೆಗೂ ಊರಿಗೂ ಮುತ್ಯಾ. ಹೋದ ಪಕ್ಷ ಬೆಳಗಿನ ಅಂಬಲಿ ಕುಡಿದು ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. (ಎಂಬತ್ತು ಎಂಬುದು ನನ್ನ ಅಂದಾಜು. ವಯಸ್ಸು ಕೇಳಿದರೆ, "ಹರಗೋಲಿನ ಚರ್ಮಾ ಎಷ್ಟು ಸಲ ಬದಲಿ ಮಾಡೇನಂತ ಎಮ್ಮಿಗೋಳಿಗೆ ಕೇಳು" ಎನ್ನುತ್ತಿದ್ದ.)

ಸೊನ್ನದ ಈ ದಂಡೆ ಹೈದರಾಬಾದ್ ಸಂಸ್ಥಾನ. ಆ ದಂಡೆ ಮುಂಬಯಿ ಇಲಾಖೆ. ಹೋದ ವರ್ಷ ನಮ್ಮ ಕಡೆಯ ಹಳ್ಳಿಗಳಲ್ಲಿ ಸಂಸ್ಥಾನದ ಪರ ಬಂದೂಕು ಹಿಡಿದವರ ಲೂಟಿ, ಬೆಂಕಿ ಆರಂಭವಾದಾಗ ಜೀವ ಉಳಿಸಿಕೊಳ್ಳಲು ಜನ ಹಿಡಿದ ದಾರಿಗಳಲ್ಲಿ ಮುತ್ಯಾನ ಹರಿಗೋಲೂ ಒಂದು. ಬಾಣಂತಿಯರು, ಮುದುಕರು, ಬೀಸುವ ಕಲ್ಲು ಹೊತ್ತುಕೊಂಡು ಬಂದವರು, ಬರಿಗೈಯಲ್ಲಿ ಬಂದವರು. ಎಲ್ಲರನ್ನೂ ಆತ ದಾಟಿಸಿದ.

ಆ ಹೊತ್ತಿಗೆ ನಾನೆಲ್ಲಿದ್ದೆ? ಸೊಲ್ಲಾಪುರದ ಕಾಲೇಜಿನ ಡಿಬೇಟಿನಲ್ಲಿ 'ಮಾನವನ ಸಮಾನತೆ' ಎಂಬ ವಿಷಯ ಮಂಡಿಸುತ್ತಿದ್ದೆ. ಬಹುಮಾನದ ಕಪ್ಪು ನನಗೇ ಬಂತು.

ಈ ವರ್ಷ ಮಳೆಗಾಲ ಮುಗಿಯುವಷ್ಟರಲ್ಲಿ ಸಂಸ್ಥಾನದ ಆಳ್ವಿಕೆ ಮುಗಿಯಿತು. ನಾನು ಊರಿಗೆ ಬಂದೆ. ಆಳಂದದಲ್ಲಿ ಭಾಷಣ, ನಿಂಬರ್ಗಾದಲ್ಲಿ ಭಾಷಣ, ಅಫಜಲಪುರದಲ್ಲಿ ಭಾಷಣ. ಅಫಜಲಪುರದ ತರುಣರು ಮುತ್ಯಾನಿಗೆ ಸನ್ಮಾನ ಮಾಡಬೇಕೆಂದರು. ಆತ ದಾಟಿಸಿದವರ ಪಟ್ಟಿ ಬೇಕೆಂದರು. ನಾನು ಗೆರೆ ಎಳೆದ ನೋಟ್ ಬುಕ್ಕು ಹಿಡಿದು ದಂಡೆಗೆ ಹೋದೆ.

"ಮುತ್ಯಾ, ಹ್ವಾದ ವರ್ಸ ಯಾರ್ಯಾರಿಗೆ ದಾಟಿಸಿದಿ?"

"ಮೂಡಲದಾಗ ಒಬ್ಬಾಕಿ ಮುದುಕಿ. ತೆಂಕಲದಾಗ ಒಬ್ಬಾಕಿ ಬಸುರಿ. ಪಡುವಲದಾಗ ಒಬ್ಬವ ಬರೇ ಕೆಮ್ಮತಿದ್ದ."

"ಹೆಸರು?"

"ಹರಗೋಲಿನ್ಯಾಗ ಹೆಸರು ಎಲ್ಲಿಂದ ಬರ್ತಾವಲೇ?"

ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಹರಿಗೋಲು ದುಂಡಗಿನ ಬುಟ್ಟಿ. ಒಂದು ಬದಿಗೆ ಭಾರ ಹೆಚ್ಚಾದರೆ ನೀರು ಒಳಗೆ ಬರುತ್ತದೆ. ಆದ್ದರಿಂದ ಅಂಬಿಗನು ಜನರನ್ನು ಮೂಡಲ, ಪಡುವಲ, ತೆಂಕಲ, ಬಡಗಲ ಎಂದು ನಾಲ್ಕು ದಿಕ್ಕಿಗೆ ಕೂಡಿಸಿ, ಕುಳಿತ ದಿಕ್ಕಿನಿಂದಲೇ ಕರೆಯುತ್ತಾನೆ. "ಮೂಡಲದವ್ವಾ, ಜರಾ ಸರೀರಿ. ಪಡುವಲದಣ್ಣಾ, ಕಾಲು ಮಡಚ್ರಿ." ದಂಡೆ ಮುಟ್ಟುವವರೆಗೆ ಹೆಸರು ಕೇಳಬಾರದು, ಹೇಳಬಾರದು. ನಡುನೀರಿನಲ್ಲಿ ಹೆಸರು ಆಡಿದರೆ ಹೊಳೆ ಅದನ್ನು ಕೇಳಿಸಿಕೊಂಡು ಕರೆಯುತ್ತದೆಯಂತೆ. ದೇಸಾಯರು ಕುಳಿತರೂ ಪಡುವಲದಣ್ಣ, ಕಸ ಗುಡಿಸುವವನು ಕುಳಿತರೂ ಪಡುವಲದಣ್ಣ. ಅಷ್ಟೇ ಅಲ್ಲ, ಹರಿಗೋಲು ತಿರುಗುತ್ತ ಸಾಗುತ್ತದೆ. ಈ ದಂಡೆಯಲ್ಲಿ ಮೂಡಲದವ್ವ ಆಗಿ ಹತ್ತಿದವಳು ನಡುಹೊಳೆಗೆ ಬರುವಷ್ಟರಲ್ಲಿ ಪಡುವಲದವ್ವ ಆಗಿರುತ್ತಾಳೆ.

ನಾನು ಇದನ್ನು ಅಂಧಶ್ರದ್ಧೆ ಎಂದೆ. ಇತಿಹಾಸಕ್ಕೆ ದಾಖಲೆ ಬೇಕು ಎಂದೆ. ಮೂರು ವಾದಾಂಶಗಳನ್ನು ಮಂಡಿಸಿದೆ.

ಮುತ್ಯಾ ಹುಟ್ಟಿನ ನೀರು ಝಾಡಿಸಿ, "ನಿನ್ನ ವಹಿಗಿ ಈಜಾಕ ಬರತೈತೇನು?" ಎಂದು ಕೇಳಿದ.

ನಾನು ಸೋಲುವವನಲ್ಲ. ಹೋದ ವರ್ಷದ್ದು ಹೋಗಲಿ, ಇನ್ನಾದರೂ ದಾಖಲೆ ಇರಲಿ ಎಂದು ದಂಡೆಯ ಮೇಲೆ ಕುಳಿತು ಹೋಗುವವರ, ಬರುವವರ ಹೆಸರು, ಊರು, ಜಾತಿ ಬರೆದುಕೊಳ್ಳತೊಡಗಿದೆ. ಹತ್ತು ದಿನ ಬರೆದೆ. ಅಕ್ಷರ ಮುತ್ತಿನಂತಿದ್ದವು.

ಹನ್ನೊಂದನೆಯ ದಿನ ಬೆಳಿಗ್ಗೆ ಜೇವರ್ಗಿ ಸೀಮೆಯ ಅಂದೋಲಾದಿಂದ ಒಬ್ಬ ಕಲಾಯಿಯವನು ಹೆಂಡತಿ ಮಕ್ಕಳೊಡನೆ ಬಂದ. ಮುಸಲ್ಮಾನ. ಬೆಂಕಿಗೆ ಗಾಳಿ ಊದುವ ತಿದಿ ಹೊತ್ತು ಊರೂರು ತಿರುಗಿ ನಮ್ಮ ಮನೆಯ ಪಾತ್ರೆಗಳಿಗೂ ವರ್ಷಕ್ಕೊಮ್ಮೆ ತವರದ ಕಲಾಯಿ ಹಾಕಿ ಹೋಗುತ್ತಿದ್ದವನು. ಈಗ ಗಾಳಿ ತಿರುಗಿತ್ತು. ಹೋದ ವರ್ಷದ ಸಿಟ್ಟನ್ನು ಸಿಕ್ಕ ಸಿಕ್ಕ ಮುಸಲ್ಮಾನರ ಮೇಲೆ ತೀರಿಸಿಕೊಳ್ಳುವ ಕಾಲ ಬಂದಿತ್ತು. ಆತನ ತುಟಿ ಒಣಗಿತ್ತು. ನಾನು ಹೆಸರು ಕೇಳಲಿಲ್ಲ. ಕೇಳುವ ಅವಶ್ಯಕತೆಯೇ ಇರಲಿಲ್ಲ. ಗೊತ್ತಿದ್ದ ಹೆಸರನ್ನು ಗೊತ್ತಿದ್ದ ಊರಿನೊಡನೆ ಬರೆದೆ.

ಮುತ್ಯಾ ಆತನನ್ನು ಪಡುವಲಕ್ಕೆ ಕೂಡಿಸಿ, ಆಚೆ ದಂಡೆಗೆ ಬಿಟ್ಟು ಬಂದ.

ಮಧ್ಯಾಹ್ನಕ್ಕೆ ಅಫಜಲಪುರದಿಂದ ನಾಲ್ವರು ತರುಣರು ಬಂದರು. ಕೈಯಲ್ಲಿ ಬಡಿಗೆ. ಇಬ್ಬರು ನನ್ನ ಭಾಷಣಕ್ಕೆ ಚಪ್ಪಾಳೆ ಹೊಡೆದವರು. "ಅಂದೋಲಾದ ಕಲಾಯಿಯವ ಈ ಕಡಿಗಿ ಬಂದಾನಂತ. ಹ್ವಾದ ವರ್ಸ ಲೂಟಿ ಮಾಡಾಕ ಅವರ ಮಂದಿಗಿ ಮನಿ ಮನಿ ತೋರಿಸಿದಾವ ಅವನೇ" ಎಂದರು. ಪಾತ್ರೆಗಾಗಿ ಮನೆ ಮನೆ ತಿರುಗುವವನಿಗೆ ಮನೆಗಳು ಗೊತ್ತಿರುವುದೇ ಅಪರಾಧವಾಯಿತೇ? ನಾನು ಹಾಗೆ ಕೇಳಬೇಕಾಗಿತ್ತು. ನೋಟ್ ಬುಕ್ಕು ಮುಚ್ಚಿ ಕಂಕುಳಲ್ಲಿಟ್ಟುಕೊಂಡೆ.

"ಮುತ್ಯಾ, ಆ ದಂಡಿಗಿ ಬಿಡ್ರಿ."

"ಬರ್ರಿ, ಕೂಡ್ರಿ. ಬಡಿಗಿ ಇಲ್ಲೇ ಇಡ್ರಿ. ಚರ್ಮಕ್ಕ ಚುಚ್ಚತಾವ."

ಅದು ಎಲ್ಲರಿಗೂ ಗೊತ್ತಿದ್ದ ನಿಯಮ. ಬಡಿಗೆಗಳು ದಂಡೆಯ ಮೇಲೆ ಉಳಿದವು. ನನ್ನನ್ನೂ ಬಡಗಲಕ್ಕೆ ಕುಳ್ಳಿರಿಸಿದ. ನೋಟ್ ಬುಕ್ಕು ಕಂಕುಳಲ್ಲಿಯೇ ಇತ್ತು.

ನಡುಹೊಳೆಯಲ್ಲಿ ಒಬ್ಬನ ಕಣ್ಣು ಅದರ ಮೇಲೆ ಬಿತ್ತು. "ಸರ್, ಪಟ್ಟಿ ಬರಿಯಾಕತ್ತೀರಲ್ಲ? ತಗೀರಿ, ನೋಡೂಣು. ಇವತ್ತಿನ ಹಾಳಿ ತಗೀರಿ."

ಕೊಡದಿದ್ದರೆ ಸಂಶಯ, ಕೊಟ್ಟರೆ ಒಂದು ಕುಟುಂಬದ ಕೊರಳು. ಹತ್ತಾರು ಡಿಬೇಟು ಗೆದ್ದ ನಾನು ಅದನ್ನು ಕಂಕುಳಲ್ಲಿ ಇನ್ನಷ್ಟು ಒತ್ತಿಕೊಂಡೆ.

"ಬಡಗಲದಣ್ಣಾ" ಎಂದ ಮುತ್ಯಾ. ನನಗೆ! ಹುಟ್ಟಿದಾಗಿನಿಂದ ಎತ್ತಿ ಆಡಿಸಿದವನು ನನ್ನನ್ನು ದಿಕ್ಕಿನಿಂದ ಕರೆದ. "ಹರಗೋಲು ಸೋರಾಕತ್ತೈತಿ. ಆ ವಹಿ ಇತ್ತ ಕೊಡ್ರಿ, ತೂತಿಗಿ ತುರುಕತೇನಿ."

ಕೊಟ್ಟೆ. ಆತ ಹಾಳೆಗಳನ್ನು ಹಿಡಿಹಿಡಿಯಾಗಿ ಕಿತ್ತು, ಕಾಲಡಿಯ ಕೆಸರುನೀರಿನಲ್ಲಿ ಅದ್ದಿ, ಬಿದಿರಿನ ಹೆಣಿಗೆಗೆ ಹಿಮ್ಮಡಿಯಿಂದ ತುಳಿದ. ಹತ್ತು ದಿನದ ಮುತ್ತಿನಂಥ ಅಕ್ಷರ ನೀಲಿ ನೀರಾಗಿ ಹರಿಯಿತು.

"ಏನ್ ಮಾಡಿದ್ರಿ ಮುತ್ಯಾ!" ಎಂದು ತೆಂಕಲಕ್ಕೆ ಕುಳಿತಿದ್ದವನು ಎದ್ದ. ಹರಿಗೋಲು ಓಲಾಡಿತು, ಎದ್ದವನು ತಾನೇ ಕುಳಿತ.

ಮುತ್ಯಾ ಹುಟ್ಟು ನಿಲ್ಲಿಸಿದ. ದನಿ ಏರಿಸಲಿಲ್ಲ. "ತೆಂಕಲದಣ್ಣಾ, ನೀವು ಕುಂತಲ್ಲೇ ಹ್ವಾದ ವರ್ಸ ನಿಮ್ಮವ್ವ ಕುಂತಿದ್ಳು; ತಾ ಯಾರಂತ ಈಚಿಗಿ ಆಕಿನೇ ಬಂದು ಹೇಳಿದ್ಳು. ಮರುದಿನ ಬಂದೂಕಿನವ್ರು ಬಂದು ನನ್ನ ಎದಿಮ್ಯಾಲ ಕಾಲಿಟ್ಟು ಕೇಳಿದ್ರು, ಯಾರ್ಯಾರು ದಾಟ್ಯಾರ ಹೆಸರು ಹೇಳಂತ. ನನಗ ಗೊತ್ತಿದ್ದರ ಹೇಳೇ ಬಿಡತಿದ್ದೆನೋ ಏನೋ. ಮುದುಕ ಮನಶ್ಯಾ, ಎದಿ ಮ್ಯಾಲ ಕಾಲು. ಗೊತ್ತಿರಲಿಲ್ಲ. ಅದಕ್ಕ ನಿಮ್ಮವ್ವ ಅದಾಳ."

ಹರಿಗೋಲು ತನ್ನಷ್ಟಕ್ಕೆ ತಿರುಗುತ್ತಿತ್ತು. ತೆಂಕಲದಣ್ಣ ತಲೆ ತಗ್ಗಿಸಿಯೇ, "ತಿರುಗಿ ಬಿಡ್ರಿ ಮುತ್ಯಾ" ಎಂದ.

ಅವರು ಹತ್ತಿದ ದಂಡೆಗೇ ಇಳಿದು ಹೋದರು. ಬಡಿಗೆಗಳಲ್ಲಿ ಎರಡು ಅಲ್ಲಿಯೇ ಉಳಿದವು. ಮುತ್ಯಾ ಒಲೆಗೆ ಒಯ್ದ. ಹರಿಗೋಲನ್ನು ಬೋರಲು ಹಾಕಿದಾಗ ನಾನು ಚರ್ಮವನ್ನೆಲ್ಲ ತಡವಿ ನೋಡಿದೆ. ಎಲ್ಲಿಯೂ ತೂತಿರಲಿಲ್ಲ.

"ತೂತು ಎಲ್ಲಿತ್ತು ಮುತ್ಯಾ?"

"ನಿನ್ನ ವಹಿಯಾಗಿತ್ತಲೇ."

ಎದೆಯ ಮೇಲೆ ಕಾಲಿಟ್ಟ ಸಂಗತಿಯನ್ನು ಆತ ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ತಂದೆಗೂ ಗೊತ್ತಿರಲಿಲ್ಲ. ನಾನು ಅಂಧಶ್ರದ್ಧೆ ಎಂದ ನಿಯಮವನ್ನು ಮೊದಲು ಕಟ್ಟಿದವರು ಯಾರು? ಹೊಳೆಗೆ ಹೆದರಿ ಕಟ್ಟಿದರೋ, ಮನುಷ್ಯರನ್ನು ಬಲ್ಲವರಾಗಿ ಕಟ್ಟಿದರೋ? ಉತ್ತರ ನನ್ನಲ್ಲಿಲ್ಲ. ಅಕ್ಷರ ಬಾರದ ಒಬ್ಬ ವೃದ್ಧನ ಮುಂದೆ ನಾನು ಆ ದಿನ ನಿಂತಷ್ಟು ಚಿಕ್ಕವನಾಗಿ ಯಾವ ಪ್ರೊಫೆಸರರ ಮುಂದೆಯೂ ನಿಂತಿರಲಿಲ್ಲ.

ಮುತ್ಯಾ ತೀರಿಕೊಂಡ ಮೂರನೆಯ ದಿನ ಆಚೆ ದಂಡೆಯಿಂದ ಜನ ಬಂದರು. ಹಾಲು ತಂದವರು, ಜೋಳ ತಂದವರು. ಅವರಲ್ಲಿ ಆ ಕಲಾಯಿಯವನೂ ಇದ್ದ. ಮಣ್ಣು ಕೊಟ್ಟ ಜಾಗದಲ್ಲಿ ಬಹಳ ಹೊತ್ತು ಕುಳಿತು, ಏಳುವಾಗ ನನ್ನನ್ನು ಕೇಳಿದ: "ಭಾವು, ನಾ ಮತ್ತ ಈ ಕಡಿ ಊರಾಗ ತಿದಿ ಹೂಡಬಹುದೇನ್ರಿ? ಆ ಕಡಿ ಯಾರೂ ಕಲಾಯಿಗಿ ಭಾಂಡೆ ಕೊಡವಲ್ರು. ಮಕ್ಕಳು ಉಪಾಸ ಅದಾವ."

"ಬಾ" ಎನ್ನಲು ನನಗೆ ಅಧಿಕಾರವಿಲ್ಲ, ಊರುಗಳು ಓದುಗರಾದ ನಿಮ್ಮವು. ನಮ್ಮ ಮನೆಯ ತಾಮ್ರದ ತಪೇಲಿಯಲ್ಲಿ ಹುಣಸೆ ಸಾರು ಕಾಸಿದರೆ ಹಸಿರು ಕಿಲುಬು ಏಳುತ್ತಿದೆ. ನಿಮ್ಮ ಮನೆಗಳಲ್ಲಿಯೂ ಎದ್ದಿರಲೇಬೇಕು. ಆದ್ದರಿಂದ ಅಫಜಲಪುರ, ಜೇವರ್ಗಿ, ಆಳಂದಗಳ ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ಈ ವಾರ ನಿಮ್ಮ ಓಣಿಯಲ್ಲಿ ಕಲಾಯಿಯವನ ಕೂಗು ಕೇಳಿದರೆ, ಕಿಲುಬು ಹಿಡಿದ ಪಾತ್ರೆಗಳನ್ನು ಹೊರಗೆ ತಂದು ಅವನ ಮುಂದೆ ಇಡಿರಿ, ಹೆಸರು ಕೇಳಬೇಡಿರಿ.