ಒತ್ತೆ ಇಟ್ಟ ಪಾನಾ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಅಂಗಳದಲ್ಲಿ ಕಾರಿನ ಎಂಜಿನ್ನು ಬಿಚ್ಚಿ ಕಟ್ಟಿದ್ದೆವು ಎಂದರೆ ನನ್ನ ಮೊಮ್ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ನಗಲಿ. ಆ ದಿನ ನಾನಿಲ್ಲದಿದ್ದರೆ ಆ ಕಾರು ಅಂಗಳ ಬಿಟ್ಟು ಕದಲುತ್ತಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ ಅನ್ನಿ.

ನಮ್ಮ ಮನೆ ಮಸ್ಕಿಯಲ್ಲಿತ್ತು, ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ರಸ್ತೆಯ ಪಕ್ಕಕ್ಕೇ. ಬಸ್ಸು ಹೋದಾಗಲೆಲ್ಲ ಗೋಡೆಯ ಮಾಡಿನಲ್ಲಿದ್ದ ತಾಟುಗಳು ಗಣಗಣ ಅನ್ನುತ್ತಿದ್ದವು. ಅಪ್ಪನದು ಬಾಡಿಗೆ ಕಾರು. ಹಳೆಯ ಡೀಸೆಲ್ ಗಾಡಿ, ಬಿಳಿ ಬಣ್ಣ, ಒಳಗೆ ಕೂತರೆ ಬಿಸಿಲಿಗೆ ಕಾದ ರೆಕ್ಸಿನ್ ವಾಸನೆ. ಮದುವೆ, ಆಸ್ಪತ್ರೆ, ಕೋರ್ಟು, ಏನಿದ್ದರೂ ಸುತ್ತಲಿನ ಹಳ್ಳಿಯವರು ಅಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದರು. ಆದರೆ ಆ ವರ್ಷ ಸಿಂಧನೂರಿನ ಬಸ್ ಸ್ಟ್ಯಾಂಡಿನ ಎದುರು ಇನ್ನೊಬ್ಬರು ಹೊಚ್ಚ ಹೊಸ ಕಾರು ತಂದು ನಿಲ್ಲಿಸಿದ್ದರು. ಮುಕ್ಕುಂದದ ಒಂದು ಮನೆಯವರು ಮಾತ್ರ ಅಪ್ಪನಿಗೇ ಮಾತು ಕೊಟ್ಟಿದ್ದರು, ಮದುಮಗಳು ನಿಮ್ಮ ಗಾಡಿಯಲ್ಲೇ ಹೋಗಬೇಕು ಎಂದು. ಮದುವೆ ರವಿವಾರ ಬೆಳಿಗ್ಗೆ. ಆ ಬಾಡಿಗೆ ತಪ್ಪಿದರೆ ಮುಂದೆ ಯಾರೂ ನಮ್ಮನ್ನು ಕೇಳುವುದಿಲ್ಲ ಎಂದು ಅಪ್ಪನಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅದೇ ಹೊತ್ತಿಗೆ ಎಂಜಿನ್ನು ಮುಂದಿನಿಂದ ಕಟಕಟ ಅನ್ನತೊಡಗಿತು. ಟೈಮಿಂಗ್ ಚೈನು ಸಡಿಲಾಗಿತ್ತು. ಟೈಮಿಂಗ್ ಅಂದರೇನು ಎಂದು ಕೇಳುತ್ತೀರಿ. ಎಂಜಿನ್ನಿನೊಳಗೆ ಉಸಿರು ಎಳೆದು ಬಿಡುವುದಕ್ಕೆ ಸಣ್ಣ ಬಾಗಿಲುಗಳಿರುತ್ತವೆ. ಯಾವುದು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದೇ ಟೈಮಿಂಗ್. ಅದು ತಪ್ಪದಂತೆ ಹಲ್ಲಿರುವ ಎರಡು ಗಾಲಿಗಳಿಗೆ ಸೈಕಲ್ಲಿನದರ ಹಾಗೆ ಒಂದು ಚೈನು ಹಾಕಿರುತ್ತಾರೆ. ಚೈನು ಒಂದು ಹಲ್ಲು ಹಾರಿದರೂ ಸಾಕು, ಬಾಗಿಲು ತೆರೆದಾಗಲೇ ಕೆಳಗಿನಿಂದ ಪಿಸ್ಟನ್ ಬಂದು ಗುದ್ದುತ್ತದೆ. ಅಲ್ಲಿಗೆ ಎಂಜಿನ್ನಿನ ಕಥೆ ಮುಗಿದ ಹಾಗೆ.

ಹೊಸ ಚೈನನ್ನು ಅಪ್ಪ ಮೊದಲೇ ಲಿಂಗಸುಗೂರಿನಿಂದ ತಂದಿಟ್ಟಿದ್ದ. ಶನಿವಾರ ಬೆಳಿಗ್ಗೆ ಬೇವಿನ ಗಿಡದ ನೆರಳಲ್ಲಿ ಕೆಲಸ ಶುರುವಾಯಿತು. ಉದ್ದನೆಯ ದೊಡ್ಡ ಪಾನಾ, ಅಂದರೆ ಸ್ಪ್ಯಾನರ್, ಹಾಕಿ, ಮೈಭಾರವೆಲ್ಲ ಬಿಟ್ಟು, ಮುಂದಿನ ದಪ್ಪ ನಟ್ಟನ್ನು ಬಿಚ್ಚಿದ. ನಟ್ಟಿನ ಹಿಂದಿದ್ದ ಪುಲ್ಲಿ, ಅಂದರೆ ಬೆಲ್ಟು ಓಡುವ ಗಾಲಿ, ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ. ಸುತ್ತಿಗೆಯಿಂದ ಹೊಡೆದರೆ ಒಡೆಯುತ್ತದೆ. ಅದಕ್ಕೆ ಮೂರು ಕಾಲಿನ ಪುಲ್ಲರ್ ಬೇಕು. ಮೂರು ಕಾಲಿನಿಂದ ಪುಲ್ಲಿಯನ್ನು ಹಿಡಿದು, ನಡುವಿನ ತಿರುಪಿನಿಂದ ನೂಕಿ, ಮೆಲ್ಲಗೆ ಹೊರಗೆ ಎಳೆಯುವ ಸಾಮಾನು. ಲಿಂಗಸುಗೂರಿನ ಅಂಗಡಿಯಲ್ಲಿ ಹೊಸದು ಸಿಗುತ್ತಿತ್ತು. ಅಪ್ಪ ಅಂಗಿ ಹಾಕಿಕೊಂಡ.

ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿ ಹೊಸ್ತಿಲ ಮೇಲೆ ಕುಳಿತಿದ್ದಳು.

“ಶನಿವಾರ ಕಬ್ಬಣ ಖರೀದಿ ಮಾಡಿ ಮನಿಗೆ ತರಬ್ಯಾಡಪಾ. ನಾಳೆ ತಾ.”

“ನಾಳೆ ಹೊತ್ತು ಹುಟ್ಟೂದ್ರಾಗ ನಾ ಮುಕ್ಕುಂದದಾಗ ಇರಬೇಕಬೇ.”

ಆಯಿ ಸ್ವಲ್ಪ ಹೊತ್ತು ಅಡಿಕೆ ಅಗಿದಳು. “ಹಂಗಾರ ಕಿರಾಯಿಗೆ ತಾ. ಕಿರಾಯಿದು ನಮ್ಮದಲ್ಲ. ಶನಿ ಹಿಡಿಯೂದಿದ್ರ ಅವರನ್ನ ಹಿಡಿತಾನ.”

ಆಯಿಯ ಕಾಯಿದೆಯೇ ಹಾಗೆ, ಎಲ್ಲದಕ್ಕೂ ಒಂದು ಹಿಂಬಾಗಿಲು ಇರುತ್ತಿತ್ತು. ಸಿಂಧನೂರಿನ ಬಸ್ ಸ್ಟ್ಯಾಂಡಿನ ಹಿಂದೆ ಚಾಚಾ ಒಬ್ಬರು ಹೊಸದಾಗಿ ಇಂಥ ಸಾಮಾನು ಬಾಡಿಗೆಗೆ ಕೊಡುತ್ತಾರೆ ಎಂದು ಅಪ್ಪ ಕೇಳಿದ್ದ, ಅವರ ಮುಖ ನೋಡಿರಲಿಲ್ಲ. ಅವರು ಒತ್ತೆಗೆ ದುಡ್ಡು ಇಟ್ಟುಕೊಳ್ಳುತ್ತಿರಲಿಲ್ಲವಂತೆ. ಸಾಮಾನಿಗೆ ಸಾಮಾನೇ ಒತ್ತೆ. ನಿಮ್ಮದೊಂದು ಒಳ್ಳೆಯ ಪಾನಾ ಅವರಲ್ಲಿ ಇಟ್ಟು, ಅವರದನ್ನು ಒಯ್ಯಬೇಕು.

ಅಷ್ಟರಲ್ಲಿ ಎಂಜಿನ್ನಿನಿಂದ ಎಣ್ಣೆ ಸೋರತೊಡಗಿತು, ಅದನ್ನು ಬಿಟ್ಟು ಹೋಗಲು ಅಪ್ಪನಿಗೆ ಮನಸ್ಸಾಗಲಿಲ್ಲ. ಅಕ್ಕನನ್ನೂ ನನ್ನನ್ನೂ ಕಳಿಸಿದ. ಕೊಡುವುದಾದರೆ ಒಳ್ಳೆಯದನ್ನೇ ಕೊಡಬೇಕು ಎಂದು ತನ್ನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಪಾನಾವನ್ನೇ ಒರೆಸಿ ಅಕ್ಕನ ಕೈಗಿಟ್ಟ. “ನಟ್ಟು ಬಿಚ್ಚಿ ಆತು. ಇದರ ಕೆಲಸ ಮುಗಿತು” ಅಂದ. ನಾವೂ ಹೌದು ಅಂದುಕೊಂಡೆವು.

ಬಸ್ಸಿನ ಕಿಟಕಿಯಲ್ಲಿ ಮೊದಲು ಕಲ್ಲು, ಒಣ ಹೊಲ. ಕಾಲುವೆ ದಾಟಿದ್ದೇ ತಡ ಕಣ್ಣಿಗೆ ಹಸಿರು ಭತ್ತದ ಗದ್ದೆ, ಮೂಗಿಗೆ ಕೆಸರಿನ ತಂಪು ವಾಸನೆ. ಚಾಚಾನ ಅಂಗಡಿ ಒಂದು ಸಣ್ಣ ತಗಡಿನ ಖೋಲಿ. ಗೋಡೆಯ ಮೊಳೆಗಳ ತುಂಬ ಊರೂರಿನವರು ಒತ್ತೆ ಇಟ್ಟ ಪಾನಾ, ಇಕ್ಕಳ, ಸುತ್ತಿಗೆ ತೂಗುತ್ತಿದ್ದವು. ಚಾಚಾ ನಮ್ಮ ಪಾನಾವನ್ನು ತಿರುಗಿಸಿ ನೋಡಿದರು.

“ಇಷ್ಟು ದೊಡ್ಡದು ಯಾಕ ತಂದೀರಿ ಬೇಟಿ? ಸಣ್ಣದು ಇದ್ರೂ ಚಲೋ ಆಕ್ಕಿತ್ತು.”

“ನಮ್ಮಪ್ಪ ಸಣ್ಣದು ಕೊಡಂಗಿಲ್ರಿ” ಅಂದೆ ನಾನು. ಅಕ್ಕ ನನ್ನನ್ನು ಚಿವುಟಿದಳು. ಚಾಚಾ ನಕ್ಕು ಪುಲ್ಲರನ್ನು ಗೋಣಿಚೀಲದಲ್ಲಿ ಹಾಕಿಕೊಟ್ಟರು.

ಮಧ್ಯಾಹ್ನ ಕೆಲಸ ಹೂ ಎತ್ತಿದಷ್ಟು ಹಗುರಾಗಿ ಸಾಗಿತು. ಪುಲ್ಲರ್ ಹಾಕಿ ತಿರುವಿದ ಕೂಡಲೇ ಪುಲ್ಲಿ ‘ಟಕ್’ ಎಂದು ಬಿಟ್ಟುಕೊಂಡಿತು. ಚೈನಿನ ಗಾಲಿಗಳನ್ನು ಹೊಂದಿಸುವ ಗುರುತು ಎಣ್ಣೆಯಲ್ಲಿ ಕಾಣಿಸದೆ ಹೋದಾಗ ಅಕ್ಕ ತನ್ನ ಉಗುರಿನ ಕೆಂಪು ಬಣ್ಣ ತಂದು ಎರಡು ಚುಕ್ಕಿ ಇಟ್ಟಳು. ಚುಕ್ಕಿಗೆ ಚುಕ್ಕಿ ಎದುರಾಗಿ ಹೊಸ ಚೈನು ಕೂತಿತು. ಮುಚ್ಚಳ ಕೂತಿತು, ಪುಲ್ಲಿ ಕೂತಿತು. ಅಪ್ಪ ನಟ್ಟನ್ನು ಬೆರಳಲ್ಲಿ ತಿರುಗಿಸಿ ಹಚ್ಚಿ, ಕತ್ತು ಎತ್ತದೆಯೇ ಕೈ ಚಾಚಿದ.

“ದೊಡ್ಡ ಪಾನಾ ಕೊಡ್ರವಾ.”

ಅಕ್ಕ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ. ಅಪ್ಪನ ಕೈ ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿತ್ತು. ಆಮೇಲೆ ಅವನಿಗೂ ಹೊಳೆಯಿತು. ಬಿಚ್ಚಿದ ನಟ್ಟನ್ನು ಮತ್ತೆ ಬಿಗಿಯಬೇಕು ಎಂಬುದನ್ನು ಮೂವರೂ ಮರೆತಿದ್ದೆವು. ಆ ಅಳತೆಯ ಪಾನಾ ಮಸ್ಕಿಯಲ್ಲಿ ಇನ್ನೊಂದು ಇರಲಿಲ್ಲ. ನಟ್ಟು ಸಡಿಲಿದ್ದರೆ ಪುಲ್ಲಿ ದಾರಿಯಲ್ಲೇ ಕಳಚುತ್ತದೆ. ಬಿಸಿಲು ಆಗಲೇ ಗೋಡೆ ಏರಿತ್ತು. ಅಪ್ಪ ಸಿಂಧನೂರಿಗೆ ಹೋಗಬಹುದಿತ್ತು, ಆದರೆ ಅಂಗಡಿ ಹುಡುಕಿ ಬಸ್ ಸ್ಟ್ಯಾಂಡಿಗೆ ತಿರುಗುವಷ್ಟರಲ್ಲಿ ಈ ಕಡೆಯ ಕೊನೆಯ ಬಸ್ಸು ಹೊರಟುಬಿಡುತ್ತಿತ್ತು. ಅವನು ಬೇವಿನ ಬುಡಕ್ಕೆ ಒರಗಿ ಕೂತ. ಅಪ್ಪ ಸುಮ್ಮನೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆಗ ಲಿಂಗಸುಗೂರಿನ ಕಡೆಯಿಂದ ಬಸ್ಸು ಬಂತು. ಅದರೊಳಗೆ ಡ್ರೈವರ್ ಪಕ್ಕದ ಎಂಜಿನ್ ಬಾನೆಟ್ಟಿನ ಮೇಲೆ ಯಾವಾಗಲೂ ಬಿಳಿ ಬಟ್ಟೆಯ ಗಂಟುಗಳು ಸಾಲಾಗಿರುತ್ತಿದ್ದವು. ಸಿಂಧನೂರಿನಲ್ಲಿ ಓದುವ ಹುಡುಗರಿಗೆ ಹಳ್ಳಿಯ ತಾಯಂದಿರು ಕಳಿಸುವ ರೊಟ್ಟಿ ಬುತ್ತಿ ಅವು. ನನಗೆ ಥಟ್ಟನೆ ಹೊಳೆದುಬಿಟ್ಟಿತು.

“ಅಪ್ಪಾ, ರೊಟ್ಟಿ ಬುತ್ತಿ ಬಸ್ಸಿನಾಗ ಹೊಕ್ಕೈತಿ. ಪಾನಾ ಬಸ್ಸಿನಾಗ ಯಾಕ ಬರಂಗಿಲ್ಲ?”

ಉತ್ತರಕ್ಕೆ ಕಾಯಲಿಲ್ಲ. ಪುಲ್ಲರಿನ ಗೋಣಿಚೀಲ ಎತ್ತಿಕೊಂಡು ರಸ್ತೆಗೆ ಓಡಿದೆ, ಹಿಂದೆ ಅಕ್ಕ. ಕಂಡಕ್ಟರ್ ಚೀಲ ತೂಗಿ ನೋಡಿ ಹುಬ್ಬೇರಿಸಿದರು. ಬಸ್ ಸ್ಟ್ಯಾಂಡಿನ ಹಿಂದಿನ ಚಾಚಾನಿಗೆ ಇದನ್ನು ಕೊಟ್ಟು, ನಮ್ಮ ಪಾನಾ ಇಸಿದುಕೊಂಡು, ಈ ಕಡೆ ಬರುವ ಬಸ್ಸಿಗೆ ಹಾಕಿರಿ, ಬೆಳಿಗ್ಗೆ ಮದುವೆ ಗಾಡಿ ಇದೆ ಎಂದು ಅಕ್ಕ ಬಿಡಿಸಿ ಹೇಳಿದಳು.

“ಚಾಚಾ ಕೊಡಲಿಲ್ಲಂದ್ರ?”

“ಕೊಡ್ತಾರ್ರಿ” ಅಂದೆ. ಯಾಕೆ ಅಷ್ಟು ಗಟ್ಟಿಯಾಗಿ ಅಂದೆನೋ, ಈಗಲೂ ಗೊತ್ತಿಲ್ಲ.

ಸಿಂಧನೂರಿನ ಕಡೆಯಿಂದ ಬಂದ ಮೊದಲ ಬಸ್ಸು ನಿಲ್ಲದೇ ಹೋಯಿತು. ಕುರಿಗಳು ಧೂಳೆಬ್ಬಿಸಿಕೊಂಡು ಮನೆಗೆ ಬಂದವು. ಆಯಿ ದೀಪ ಹಚ್ಚಿದಳು. ಆ ದಿನದ ಕೊನೆಯ ಬಸ್ಸು ನಮ್ಮೆದುರು ನಿಂತು, ಅದರ ಕಂಡಕ್ಟರ್ ಕಿಟಕಿಯಿಂದ ಒಂದು ಚೀಲ ಇಳಿಸಿದರು. ನೋಡಿದರೆ ಅದೇ ಗೋಣಿಚೀಲ. ಮುಟ್ಟಿದೆ, ಪುಲ್ಲರಿನ ಮೂರು ಕಾಲು ಕೈಗೆ ತಾಗಿದವು. ಅಂಗಡಿ ಮುಚ್ಚಿತ್ತು, ಕಳಿಸಿದ್ದೇ ತಿರುಗಿ ಬಂತು ಅಂದುಕೊಂಡು ನನ್ನ ಕಣ್ಣಲ್ಲಿ ನೀರು ಬಂತು. ಅಕ್ಕ ಚೀಲವನ್ನು ನೆಲಕ್ಕೆ ಸುರಿದಳು. ಪುಲ್ಲರಿನ ಹಿಂದೆ ನಮ್ಮ ದೊಡ್ಡ ಪಾನಾ ಬಿತ್ತು.

“ಚಾಚಾ ಹೇಳ್ಯಾರ” ಅಂದರು ಕಂಡಕ್ಟರ್. “ಮದುವಿ ಗಾಡಿ. ಚಾಲು ಮಾಡಿದ ಮ್ಯಾಲೆ ಸದ್ದು ಬಂದ್ರ ಮತ್ತ ಬಿಚ್ಚಬೇಕಾಕ್ಕೈತಿ, ಎರಡೂ ಇರಲಿ ಅಂದ್ರು. ಪುಲ್ಲರ್ ಸೋಮವಾರ ತಂದ್ಕೊಡ್ರಿ, ಒತ್ತಿ ಬ್ಯಾಡ ಅಂದ್ರು.”

ಅಪ್ಪ ಪಾನಾ ಎತ್ತಿಕೊಂಡ. ನಟ್ಟು ಬಿಗಿದ. ಕೈಯಿಂದಲೇ ಎಂಜಿನ್ನನ್ನು ಸುತ್ತಿಸಿ, ಎಲ್ಲೂ ತಾಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ಚಾಲು ಮಾಡಿದ. ಕಟಕಟ ಹೋಗಿ ಒಂದೇ ಸಮನೆ ಗುರ್ ಎನ್ನುವ ದನಿ ಅಂಗಳ ತುಂಬಿತು. ಅಷ್ಟು ಖುಷಿ ನನಗೆ ಪರೀಕ್ಷೆ ಪಾಸಾದಾಗಲೂ ಆಗಿಲ್ಲ. ರವಿವಾರ ಮದುಮಗಳು ನಮ್ಮ ಗಾಡಿಯಲ್ಲೇ ಹೋದಳು. ಆಮೇಲೆ ಮುಕ್ಕುಂದದ ಯಾವ ಮದುವೆಗೂ ಬೇರೆ ಕಾರು ಬರಲಿಲ್ಲ. ಸೋಮವಾರ ಪುಲ್ಲರ್ ಒಪ್ಪಿಸಲು ಅಪ್ಪ ತಾನೇ ಹೋದ.

ಈಗ ನನ್ನ ಹಿರಿಯ ಮೊಮ್ಮಗ ಲಿಂಗಸುಗೂರಿನಲ್ಲಿ ಗ್ಯಾರೇಜು ಇಟ್ಟಿದ್ದಾನೆ. ಈಗಿನ ಗಾಡಿಗಳಲ್ಲಿ ಒಂದೊಂದಕ್ಕೆ ಒಂದೊಂದು ಟೈಮಿಂಗ್ ಸಾಮಾನಿನ ಪೆಟ್ಟಿಗೆಯಂತೆ. ಎಲ್ಲವನ್ನೂ ಖರೀದಿ ಮಾಡಿದರೆ ಪೂರೈಸುವುದಿಲ್ಲ ಎಂದು ಅವನೂ ಕಿರಾಯಿಗೆ ತರಿಸುತ್ತಾನೆ, ಫೋನಿನಲ್ಲಿ. ಕಂಡಿಲ್ಲದ ಯಾವುದೋ ಊರಿನಿಂದ ಪೆಟ್ಟಿಗೆ ಬಾಗಿಲಿಗೇ ಬರುತ್ತದೆ. ಒಳಗೆ ಪ್ರತಿ ಪಿನ್ನಿಗೂ ಅದರದೇ ಗೂಡು, ಏನಾದರೂ ಮರೆತರೆ ಖಾಲಿ ಗೂಡೇ ಹೇಳುತ್ತದೆ. ಚೆನ್ನಾಗಿದೆ, ನಮಗೂ ಅಂಥದ್ದಿದ್ದರೆ ಅಪ್ಪ ಅಷ್ಟು ಬೆವರುತ್ತಿರಲಿಲ್ಲ. ಆದರೆ ಮೊದಲ ಸಲ ಕೊಡುವ ಮುಂಚೆ ಫೋನು ಅವನ ಮುಖ ನೋಡಿತು, ವಿಳಾಸ ಕೇಳಿತು, ಗುರುತಿನ ಚೀಟಿ ಕೇಳಿತು, ಮುಂಗಡ ಹಿಡಿದುಕೊಂಡಿತು.

“ಏನ್ ಮಾಡೂದಜ್ಜಿ, ಅವರಿಗೆ ನನ್ನ ಗುರ್ತು ಇಲ್ಲಲ್ಲ” ಅಂದ ಮೊಮ್ಮಗ.

ನಿಜ, ಅವರ ತಪ್ಪೇನಿಲ್ಲ. ಆದರೆ ಚಾಚಾನಿಗೂ ನಮ್ಮ ಗುರುತು ಇರಲಿಲ್ಲ, ಮಕ್ಕಳೇ. ಬೆಳಿಗ್ಗೆ ಒಂದು ಸಲ ನೋಡಿದ್ದ ಎರಡು ಜಡೆಯ ಹುಡುಗಿಯರು, ಅಷ್ಟೇ.