ಆಪರೇಟರ್ ಮಾವನ ಎರಡನೆಯ ಸ್ಪೀಕರ್

ಮೊನ್ನೆ ಪಾಲಿಬೆಟ್ಟದಲ್ಲಿ ರಸ್ತೆ ಬದಿ ಯಾರೋ ಗೇಟಿಗೆ ವೆಲ್ಡಿಂಗ್ ಮಾಡುತ್ತಿದ್ದರು. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ನಿಂತುಬಿಟ್ಟೆ. ನಮ್ಮ ಪಕ್ಕದ ಮನೆಯಲ್ಲಿದ್ದ ಆಪರೇಟರ್ ಮಾವನ ಅಂಗಿಯ ವಾಸನೆ ಅದು...

ಆಗ ಬ್ರಿಟಿಷರ ಕಾಲ. ನಾನಿನ್ನೂ ಲಂಗ ಉಡುವ ಹುಡುಗಿ. ಊರಿನ ತಗಡಿನ ಟಾಕೀಸಿನಲ್ಲಿ ಸಿನಿಮಾ ಯಂತ್ರ ನಡೆಸುತ್ತಿದ್ದವರು ಮಾವ. ಎರಡು ಕಾರ್ಬನ್ ಕಡ್ಡಿಗಳ ತುದಿ ತಾಗಿಸಿ ಸ್ವಲ್ಪ ಬಿಡಿಸಿದರೆ ಕಣ್ಣು ಕುಕ್ಕುವ ಬೆಳಕು ಹೊತ್ತಿಕೊಳ್ಳುತ್ತಿತ್ತು. ಚಿತ್ರವನ್ನು ಪರದೆಗೆ ಮುಟ್ಟಿಸುತ್ತಿದ್ದುದು ಆ ಬೆಳಕೇ.

ಎಸ್ಟೇಟಿನ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇದ್ದ ಹೆಂಗಸರಿಗೆ ಒಳಗೆ ಜಾಗವಿರಲಿಲ್ಲ. ಪಕ್ಕದ ಚಪ್ಪರದಲ್ಲಿ ಕೂತು, ತೆರೆದ ಬಾಗಿಲಿನಿಂದ ಪರದೆಯನ್ನು ಓರೆಯಾಗಿ ನೋಡಬೇಕಿತ್ತು. ಮಾತೊಂದೂ ಕೇಳುತ್ತಿರಲಿಲ್ಲ. ಮಾವ ಕೆಟ್ಟುಬಿದ್ದಿದ್ದ ಸ್ಪೀಕರೊಂದನ್ನು ರಿಪೇರಿ ಮಾಡಿ, ತಂತಿ ಎಳೆದು, ಚಪ್ಪರದ ಕಂಬಕ್ಕೆ ಕಟ್ಟಿದರು. ಅಲ್ಲಿಂದ ಮುಂದೆ ಕಾಫಿ ಹಣ್ಣು ಕುಯ್ಯುವಾಗಲೂ ಹೆಂಗಸರ ಬಾಯಲ್ಲಿ ಸಿನಿಮಾ ಹಾಡು.

ಎಸ್ಟೇಟಿನ ಬಿಳಿಯ ಮ್ಯಾನೇಜರ್, ಎಲ್ಲರೂ ದೊರೆ ಎನ್ನುತ್ತಿದ್ದವನು, ಅದನ್ನು ಸಹಿಸಲಿಲ್ಲ. ಒಂದು ಭಾನುವಾರ ರಾತ್ರಿ ಚಿತ್ರ ನೋಡಲು ಬಂದವನು, ಅದು ನಡೆಯುತ್ತಿರುವಾಗಲೇ ಟಾಕೀಸಿನ ಮಾಲೀಕರನ್ನು ಕರೆದು ಗದರಿದ. ಅವರು ಬೆವರುತ್ತಾ ಯಂತ್ರದ ಕೋಣೆಗೆ ಓಡಿ ಬಂದರು. ನಾನು, ಅಮ್ಮ ಅದರ ಬಾಗಿಲ ಬಳಿಯ ಬೆಂಚಿನಲ್ಲೇ ಇದ್ದೆವು.

"ಹೊರಗಿನ ಸ್ಪೀಕರ್ ಬಿಚ್ಚಪ್ಪ. ದೊರೆ ಹೇಳ್ತಿದಾರೆ," ಎಂದರು ಮಾಲೀಕರು.

"ಅದು ಬಿಚ್ಚಿದ್ರೆ ಪರದೆ ಹಿಂದಿನದೂ ಬಿಚ್ತೀನಿ. ದೊರೆ ಮೂಕಿ ಚಿತ್ರ ನೋಡ್ಲಿ."

"ನಿನ್ನ ಕೆಲ್ಸ ಹೋಗ್ತದೆ."

"ಹೋಗ್ಲಿ ಬಿಡಿ."

ಮಾವ ಕಡ್ಡಿಗಳನ್ನು ದೂರ ಎಳೆದು ಯಂತ್ರ ನಿಲ್ಲಿಸಿದರು. ಬೆಳಕು ಆರಿತು, ಹಾಡು ಅರ್ಧಕ್ಕೇ ನಿಂತಿತು. ಕತ್ತಲೆಯಲ್ಲಿ ದೊರೆ ಕೂಗಾಡಿದ. ಆಗ ಚಪ್ಪರದಿಂದ ಒಬ್ಬ ಹೆಂಗಸು ಹಾಡನ್ನು ಅದು ನಿಂತಲ್ಲಿಂದಲೇ ಎತ್ತಿಕೊಂಡಳು. ಇನ್ನೊಬ್ಬಳು ಸೇರಿದಳು. ಆಮೇಲೆ ಇಡೀ ಚಪ್ಪರ. ನನ್ನ ಅಪ್ಪ ಅದೇ ದೊರೆಯ ಕೈಕೆಳಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಆದರೂ ಅಮ್ಮ ನನ್ನ ಕೈ ಹಿಡಿದುಕೊಂಡು ಗಟ್ಟಿಯಾಗಿ ಹಾಡಿದಳು. ಅವಳ ದನಿ ಅಷ್ಟು ದೊಡ್ಡದೆಂದು ನನಗೆ ಅಂದೇ ಗೊತ್ತಾದದ್ದು.

ದೊರೆಯ ಕಾರು ಹೊರಟುಹೋಯಿತು. ಮಾವ ಮತ್ತೆ ಬೆಳಕು ಹೊತ್ತಿಸಿದರು. ಉಳಿದ ಚಿತ್ರ ಎರಡೂ ಸ್ಪೀಕರಿನಲ್ಲಿ ಮುಗಿಯಿತು.

ಮರುದಿನ ಅವರ ಕೆಲಸ ಹೋಯಿತು. ಟ್ರಂಕು ಹಿಡಿದು ಮೈಸೂರಿನ ಬಸ್ಸಿಗೆ ಕಾಯುತ್ತಿದ್ದವರನ್ನು ಅಮ್ಮ ಕೇಳಿದಳು, "ಎಲ್ಲಿಗೆ ಹೋಗ್ತೀರಿ ಅಣ್ಣಾ?"

"ಟಾಕೀಸ್ ಇರೋ ಊರಿಗೆ. ಸ್ಪೀಕರ್ ಕಟ್ಟೋಕೆ ಕಂಬ ಎಲ್ಲ ಕಡೆ ಇರ್ತದೆ ತಂಗಿ."

ಚಪ್ಪರದ ಸ್ಪೀಕರನ್ನು ದೊರೆಯ ಆಳುಗಳು ಕಿತ್ತೊಯ್ದರು. ತೋಟದಲ್ಲಿ ಹಾಡಬಾರದೆಂದು ಹುಕುಂ ಬಂತು. ಹೆಂಗಸರು ಇನ್ನಷ್ಟು ಜೋರಾಗಿ ಹಾಡಿದರು. ಕೊನೆಗೆ ಹಾಡಬೇಡಿ ಎನ್ನುವುದನ್ನು ಬಿಟ್ಟವನು ದೊರೆಯೇ.

ಮಾವ ಮತ್ತೆ ಬರಲಿಲ್ಲ. ಯಾವ ಊರಿನಲ್ಲಿ ತೀರಿಕೊಂಡರೋ, ಯಾರು ಹೆಗಲು ಕೊಟ್ಟರೋ... ಟಾಕೀಸು ಈಗ ಕಾಫಿ ಗೋದಾಮು. ಅದನ್ನು ದೊರೆಯ ಕಾಲದ ಕಟ್ಟಡವೆಂದು ಹೊಗಳುವವರಿದ್ದಾರೆ, ಹೊಗಳಿಕೊಳ್ಳಲಿ. ನಾನು ಮಾತ್ರ ಆಪರೇಟರ್ ಮಾವನ ಟಾಕೀಸು ಎಂದೇ ಕರೆಯುತ್ತೇನೆ. ಹಾಗೆ ಕರೆಯುವವರಲ್ಲಿ ಉಳಿದಿರುವುದು ನಾನೊಬ್ಬಳೇ.