ಹುಳದ ಮನೆಯ ಬಾಗಿಲಲ್ಲಿ ಮಂಚ

ಕೋಡಿಹಳ್ಳಿ ಕಡೆಯ ಆ ಮನೆಗೆ ನಾವು ಹೋದದ್ದು ಮೂರು ಸಲ: ಮಂಗಳವಾರ, ಶುಕ್ರವಾರ, ಮತ್ತೆ ಮಂಗಳವಾರ. ರಾಮನಗರದ ನರ್ಸಿಂಗ್ ಕಾಲೇಜಿನಲ್ಲಿ ನಾನು ಉಪಶಾಮಕ ಆರೈಕೆ ಕಲಿಸುತ್ತೇನೆ. ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸಿ ನೋಡಿಕೊಳ್ಳುವ ಪಾಠ ಅದು. ಜೊತೆಗೆ ಬಿಡದಿಯ ಒಬ್ಬ ವಿದ್ಯಾರ್ಥಿನಿ ಬಂದಿದ್ದಳು.

ಮೊದಲ ದಿನ, ನಾವು ನೋಡಬೇಕಿದ್ದ ಅಜ್ಜಿಯ ಮಂಚ ದನದ ಕೊಟ್ಟಿಗೆಯಲ್ಲಿತ್ತು. ಎದೆಯ ಕ್ಯಾನ್ಸರ್ ಒಡೆದು ಹುಣ್ಣಾಗಿತ್ತು. ವಾಸನೆ ಅಂಗಳದವರೆಗೂ ಬರುತ್ತಿತ್ತು.

“ಒಳಗೆ ರೇಷ್ಮೆಹುಳ ನಾಲ್ಕನೇ ಜ್ವರ ಕಳ್ದು ಪೊರೆ ಬುಟ್ಟು ಎದ್ದವೆ ಮೇಡಂ,” ಎಂದ ಮಗ. “ಇನ್ನೊಂದು ವಾರಕ್ಕೆ ಹಣ್ಣಾಗಿ ಗೂಡಿಗೆ ಬತ್ತವೆ. ಈ ವಾಸ್ನೆ ತಾಕುದ್ರೆ ಒಂದೂ ಗೂಡು ಕಟ್ಟಕಿಲ್ಲ.”

ಅಜ್ಜಿಗೆ ಅವನ ಮೇಲೆ ಸಿಟ್ಟಿರಲಿಲ್ಲ. “ಹುಳ ಮೇಯೋ ಸದ್ದು ಕೇಳ್ಕೊಂಡು ಮಲಗ್ಬೇಕು ಕಣವ್ವ, ಅಷ್ಟೆಯಾ.”

ವಿದ್ಯಾರ್ಥಿನಿ ಹುಣ್ಣು ತೊಳೆದು, ಮಾತ್ರೆಯ ಪುಡಿ ಉದುರಿಸಿ ಕಟ್ಟು ಹಾಕಿದಳು. ಆ ಪುಡಿ ಹುಣ್ಣನ್ನು ಮಾಯಿಸುವುದಿಲ್ಲ, ವಾಸನೆಯನ್ನು ತಗ್ಗಿಸುತ್ತದೆ. ದಿನಾ ಹಾಕುವುದನ್ನು ಸೊಸೆಗೆ ಹೇಳಿಕೊಟ್ಟಳು.

ಶುಕ್ರವಾರದ ಹೊತ್ತಿಗೆ ವಾಸನೆ ಬಹುಪಾಲು ಇಳಿದಿತ್ತು. ಮಗನನ್ನು ಒಪ್ಪಿಸಿ ಮಂಚವನ್ನು ಹುಳದ ಮನೆಯ ಬಾಗಿಲಿಗೆ ತಂದಿಟ್ಟೆವು. ಒಳಗೆ ಹುಳಗಳು ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ಅಜ್ಜಿ ಕಣ್ಣು ಮುಚ್ಚಿ ಕೇಳಿಸಿಕೊಂಡಳು.

“ಮಿಸ್, ಇವ್ಯಾಕೆ ಹಿಂಗೆ ಊದ್ಕೊಂಡಿವೆ?” ಎಂದಳು ವಿದ್ಯಾರ್ಥಿನಿ.

ತಟ್ಟೆಯ ಅಂಚಿನಲ್ಲಿ ಕೆಲವು ಹುಳ ಹಳದಿಯಾಗಿ ಹೊಳೆಯುತ್ತಿದ್ದವು. ಸೊಸೆ ತಟ್ಟನೆ ಅವನ್ನು ಆರಿಸಿ, ರೋಗದ ಹುಳ ಹಾಕುವ ಸುಣ್ಣದ ಡಬ್ಬಕ್ಕೆ ಹಾಕಿದಳು. “ಏನಿಲ್ಲ ಬುಡಿ,” ಎನ್ನುತ್ತಾ ಮಂಚದ ಕಡೆ ನೋಡಿದಳು. ಆ ನೋಟ ನನಗೆ ಹಿಡಿಸಲಿಲ್ಲ.

ಮುಂದಿನ ಮಂಗಳವಾರ ತಿಪ್ಪೆಯ ಪಕ್ಕದಲ್ಲಿ ಹೊಸದಾಗಿ ಮುಚ್ಚಿದ ಗುಂಡಿಯಿತ್ತು. ಅರ್ಧಕ್ಕರ್ಧ ಹುಳ ಸತ್ತಿದ್ದವು. ಮಂಚ ಮತ್ತೆ ಕೊಟ್ಟಿಗೆ ಸೇರಿತ್ತು.

“ಹುಳಕ್ಕೆ ಬಂದಿರೋ ರೋಗವೇ ಬೇರೆ. ಮಂಚ ಬಾಗಿಲಿಗೆ ತರೋ ಮೊದಲೇ ಇತ್ತು, ನಿಮ್ಮ ತಾಯಿಯಿಂದ ಬಂದದ್ದಲ್ಲ,” ಎಂದೆ. ಮಗ ಗುಂಡಿಯ ಮೇಲೆ ಇನ್ನೊಂದು ಪುಟ್ಟಿ ಮಣ್ಣು ಸುರಿದ.

ಕೊಟ್ಟಿಗೆಯಲ್ಲಿ ಮೊದಲ ದಿನದ ವಾಸನೆಯೇ ಇತ್ತು. ಸೊಸೆ ಪುಡಿ ಹಾಕಲು ಹೋದರೆ ಅಜ್ಜಿ ಬಿಟ್ಟಿರಲಿಲ್ಲವಂತೆ. ವಿದ್ಯಾರ್ಥಿನಿ ಪುಡಿಯ ಡಬ್ಬಿ ತೆರೆದಾಗ ಅಜ್ಜಿ ಅವಳ ಮಣಿಕಟ್ಟನ್ನೂ ಹಿಡಿದುಕೊಂಡಳು.

“ಬ್ಯಾಡ ಕಣವ್ವ. ವಾಸ್ನೆ ಇದ್ರೆ ನನ್ನ ಯಾರೂ ಒಳಕ್ಕೆ ಕರ್ಕೊಂಡೋಗಕಿಲ್ಲ. ಉಳ್ದಿರೋ ಹುಳಾನಾರ ಬದುಕ್ಲಿ.”

“ನಿಮ್ಮಿಂದ ಅಲ್ಲ ಅಜ್ಜಿ. ಮಿಸ್ ಹೇಳಿದ್ರಲ್ಲ?”

“ನಿಮ್ ಮಿಸ್ಸು ಎಷ್ಟು ಹುಳ ಸಾಕವ್ಳೆ?”

ನೋವಿನ ಔಷಧಿಯಾದರೂ ಬೇಕೇ ಎಂದು ಕೇಳಿದೆ.

“ಅದ ಕೊಡು. ಒಸಿ ಜಾಸ್ತಿನೇ ಕೊಡು.”

ಡಾಕ್ಟರು ಬರೆದಷ್ಟನ್ನೇ ಅಳೆದು ಕುಡಿಸಿದೆ. ಅಜ್ಜಿ ಬೇಡವೆಂದ ಮೇಲೆ ಬೇಡವೆಂದು ಪುಡಿಯ ಡಬ್ಬಿಯನ್ನು ಚೀಲಕ್ಕೆ ಹಾಕಲು ಹೇಳಿದೆ. ವಿದ್ಯಾರ್ಥಿನಿ ನನ್ನನ್ನೇ ನೋಡಿದಳು, ಆಮೇಲೆ ಹುಣ್ಣು ತೊಳೆದು ಬರಿಯ ಕಟ್ಟು ಹಾಕಿದಳು. ನಾವು ಹೊರಗೆ ಬಂದ ತಕ್ಷಣ ಮಗ ಕೊಟ್ಟಿಗೆಯ ಬಾಗಿಲು ಎಳೆದು ಚಿಲಕ ಹಾಕಿದ.